ಲೆಕ್ಕದಲ್ಲಿ ನೀವು ಎಲ್ಲಿವರೆಗೆ ಬಂದಿರಿ?

ಪ್ರಿಯ ಪೋಷಕರೇ,

ನಮಸ್ಕಾರ.

ಹೋದ ತಿಂಗಳ ಪೋಷಕರ ಸಭೆಯಲ್ಲಿ ನಿಮ್ಮ ಕೈಗೆ ಒಂದೊಂದು ಚೀಟಿ ಕೊಟ್ಟಿದ್ದೆವು, ನೆನಪಿದೆ ಅಲ್ವಾ? ಹೆಸರು ಬರೆಯುವುದು ಬೇಡ ಅಂದಿದ್ದೆವು. ಇದ್ದದ್ದು ಎರಡೇ ಪ್ರಶ್ನೆ. ಲೆಕ್ಕದಲ್ಲಿ ನೀವು ಎಲ್ಲಿವರೆಗೆ ಬಂದಿರಿ? ಅಲ್ಲೇ ಯಾಕೆ ನಿಂತಿರಿ? ಒಬ್ಬೊಬ್ಬರು ಒಂದೊಂದು ಸಾಲು ಬರೆಯಬಹುದು ಅಂದುಕೊಂಡಿದ್ದೆ. ನೀವು ಚೀಟಿಯ ಹಿಂದೆ ಮುಂದೆ ತುಂಬಿಸಿ, ಅಂಚಿನಲ್ಲೂ ಬರೆದು ಕೊಟ್ಟಿದ್ದೀರಿ. ಒಬ್ಬರಂತೂ ಜಾಗ ಸಾಲದೆ ಮಗುವಿನ ರಫ್ ಪುಸ್ತಕದ ಹಾಳೆ ಹರಿದು ಸೇರಿಸಿದ್ದಾರೆ. (ಆ ಹಾಳೆಯ ಹಿಂದೆ ಹೋಂವರ್ಕ್ ಇತ್ತು. ಟೀಚರಿಗೆ ನಾನೇ ಹೇಳಿದ್ದೇನೆ, ಮಗುವಿಗೆ ಬೈಯುವುದಿಲ್ಲ.)

ಎಲ್ಲವನ್ನೂ ಓದಿದೆ. ಕೆಲವನ್ನು ಎರಡು ಸಲ ಓದಿದೆ. ಉತ್ತರ ಕೊಡದೆ ಸುಮ್ನೆ ಎತ್ತಿಡಲು ಮನಸ್ಸಾಗಲಿಲ್ಲ, ಅದಕ್ಕೇ ಈ ಪತ್ರ.

ಜಾಸ್ತಿ ಚೀಟಿಗಳಲ್ಲಿ ಇದ್ದ ಪದ ಭಿನ್ನರಾಶಿ. ಆಮೇಲೆ ಬೀಜಗಣಿತ. "ಅಂಕಿ ಇರುವವರೆಗೆ ನಾನಿದ್ದೆ. ಎಕ್ಸ್ ಬಂತು, ನಾನು ಹೋದೆ" ಅಂತ ಒಬ್ಬರು ಬರೆದಿದ್ದಾರೆ. ಇನ್ನೊಬ್ಬರು: "ಭಿನ್ನರಾಶಿ ಭಾಗಿಸುವಾಗ ತಲೆಕೆಳಗು ಮಾಡಿ ಗುಣಿಸು ಅಂದರು. ಯಾಕೆ ಅಂತ ಕೇಳಿದೆ. ಕೇಳಬೇಡ, ಮಾಡು ಅಂದರು. ಅವತ್ತಿನಿಂದ ಕೇಳಲಿಲ್ಲ." ಎಂಜಿನಿಯರಿಂಗ್ ಮುಗಿಸಿದ ಒಬ್ಬರು, ಗಣಿತದ ಪೇಪರ್ ಎಲ್ಲ ಪಾಸಾದೆ, ಇಂಟಿಗ್ರೇಶನ್ ಮಾಡಲು ಬರುತ್ತೆ, ಅದು ಏನು ಅಂತ ಮಾತ್ರ ಇವತ್ತಿಗೂ ಗೊತ್ತಿಲ್ಲ ಅಂದಿದ್ದಾರೆ. ಏಳನೇ ತರಗತಿಗೆ ಶಾಲೆ ಬಿಟ್ಟು ಈಗ ಬಟ್ಟೆ ಹೊಲಿಯುವ ಒಬ್ಬರು "ಲೆಕ್ಕ ಬರಲ್ಲ" ಅಂತ ಬರೆದಿದ್ದಾರೆ. ಕೆಳಗೆ ಚಿಕ್ಕದಾಗಿ, "ಬಟ್ಟೆ ನೋಡಿದ ತಕ್ಷಣ ಎಷ್ಟು ಉಳಿಯುತ್ತೆ ಅಂತ ಕತ್ತರಿ ಹಾಕೋ ಮೊದಲೇ ಹೇಳ್ತೀನಿ, ಅದು ಲೆಕ್ಕ ಅಲ್ಲ ಅಲ್ವಾ?" ಅಂತ ಸೇರಿಸಿದ್ದಾರೆ. ಲೆಕ್ಕವೇ ರೀ. ಕ್ಷೇತ್ರಫಲದ ಲೆಕ್ಕ. ಅದೂ ಪುಸ್ತಕದಲ್ಲಿರುವ ನೆಟ್ಟಗಿನ ಆಯತದ್ದಲ್ಲ, ತೋಳು, ಕುತ್ತಿಗೆಯ ಸೊಟ್ಟ ಸೊಟ್ಟ ಆಕಾರಗಳದ್ದು.

ಒಂದು ಚೀಟಿಯಲ್ಲಿ ಒಂದೇ ಸಾಲಿತ್ತು. "ನಾನು ನಿಲ್ಲಲಿಲ್ಲ, ನಿಲ್ಲಿಸಿದರು." ಅಕ್ಷರ ದುಂಡಗಿದೆ. ಅದನ್ನು ಓದಿದ ಮೇಲೆ ಸ್ವಲ್ಪ ಹೊತ್ತು ಮುಂದಿನ ಚೀಟಿಗೆ ಕೈ ಹೋಗಲಿಲ್ಲ.

ಎಲ್ಲವನ್ನೂ ಮೇಜಿನ ಮೇಲೆ ಹರಡಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. "ಗಣಿತ ಕಬ್ಬಿಣದ ಕಡಲೆ" ಅಂತ ಬರೆದವರು ಕಡಿಮೆ. ಹೆಚ್ಚಿನವರು ಒಂದು ದಿನವನ್ನೋ ಒಂದು ತಿಂಗಳನ್ನೋ ನೆನಪಿಟ್ಟು ಬರೆದಿದ್ದಾರೆ. ಜ್ವರ ಬಂದು ಮೂರು ವಾರ ಮಲಗಿದ್ದು. ವರ್ಷದ ನಡುವೆ ಶಾಲೆ ಬದಲಾದದ್ದು. ಚೆನ್ನಾಗಿ ಹೇಳಿಕೊಡುತ್ತಿದ್ದ ಮೇಷ್ಟ್ರಿಗೆ ವರ್ಗವಾಗಿದ್ದು. ಬೋರ್ಡಿನ ಮುಂದೆ ನಿಲ್ಲಿಸಿ ಇಡೀ ತರಗತಿ ನಕ್ಕಿದ್ದು. ಬುದ್ಧಿ ಸಾಲದೆ ನಿಂತವರ ಹಾಗೆ ಇವು ಕಾಣುವುದಿಲ್ಲ. ಬಸ್ ತಪ್ಪಿಸಿಕೊಂಡವರ ಹಾಗೆ ಕಾಣುತ್ತವೆ.

ಬೇರೆ ಪಾಠಗಳಲ್ಲಿ ಇದು ಅಷ್ಟು ಕಾಡುವುದಿಲ್ಲ. ಇತಿಹಾಸದಲ್ಲಿ ಒಬ್ಬ ರಾಜನ ಪಾಠ ತಪ್ಪಿದರೂ ಮುಂದಿನ ರಾಜ ಅರ್ಥವಾಗುತ್ತಾನೆ. ಲೆಕ್ಕ ಹಾಗಲ್ಲ. ಭಿನ್ನರಾಶಿ ತಪ್ಪಿದರೆ ಅನುಪಾತ ತಪ್ಪುತ್ತದೆ, ಶೇಕಡಾ ತಪ್ಪುತ್ತದೆ, ಬೀಜಗಣಿತದ ಅರ್ಧ ತಪ್ಪುತ್ತದೆ. ತ್ರಿಕೋನಮಿತಿ ತಲೆಗೆ ಹತ್ತುತ್ತಿಲ್ಲ ಅನ್ನುವ ಹತ್ತನೇ ತರಗತಿಯ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಮೆಟ್ಟಿಲು ಹಿಂದಕ್ಕೆ ಕೇಳುತ್ತಾ ಹೋಗುತ್ತೇನೆ. ಎಷ್ಟೋ ಸಲ ನಾವಿಬ್ಬರೂ ಬಂದು ನಿಲ್ಲುವುದು ಐದನೇ ತರಗತಿಯಲ್ಲಿ. ತ್ರಿಕೋನಮಿತಿಯ ಸೈನ್ ಅಂದರೆ ಲಂಬಕೋನ ತ್ರಿಭುಜದ ಎರಡು ಬಾಹುಗಳ ಅನುಪಾತ. ಅನುಪಾತವೇ ಕೈಗೆ ಸಿಗದ ಮಗುವಿಗೆ ಸೈನ್ ಅಂದರೆ ಕ್ಯಾಲ್ಕುಲೇಟರಿನ ಮೇಲಿರುವ ಒಂದು ಗುಂಡಿ, ಅಷ್ಟೇ.

ಮೂರು ಚೀಟಿಗಳಲ್ಲಿ ಒಂದೇ ಪ್ರಶ್ನೆ ಇತ್ತು. ಮೈನಸ್ಸನ್ನು ಮೈನಸ್ಸಿನಿಂದ ಗುಣಿಸಿದರೆ ಪ್ಲಸ್ ಹೇಗೆ ಬರುತ್ತದೆ? ಬರೆದವರು ಪರಸ್ಪರ ಗುರುತಿದ್ದವರೋ ಏನೋ ಗೊತ್ತಿಲ್ಲ. ಆದರೆ ನಿಮ್ಮ ಜೊತೆಗೆ ದೊಡ್ಡ ಮನುಷ್ಯರೊಬ್ಬರಿದ್ದಾರೆ. ಫ್ರೆಂಚ್ ಕಾದಂಬರಿಕಾರ ಸ್ಟೆಂಡಾಲ್ (1783–1842) ಹುಡುಗನಾಗಿದ್ದಾಗ ಗಣಿತವನ್ನು ತುಂಬಾ ಇಷ್ಟಪಟ್ಟಿದ್ದ. ಜಗತ್ತಿನಲ್ಲಿ ಕಪಟಕ್ಕೆ ಜಾಗವಿಲ್ಲದ ವಿಷಯ ಇದೊಂದೇ ಅಂತ ಅವನ ನಂಬಿಕೆ. ಈ ಮೈನಸ್ ಪ್ರಶ್ನೆಯಲ್ಲಿ ಆ ನಂಬಿಕೆಗೆ ಪೆಟ್ಟು ಬಿತ್ತು. ಮೈನಸ್ ಅಂದರೆ ಸಾಲ ಅನ್ನುತ್ತೀರಿ, ಹಾಗಾದರೆ 10,000 ಫ್ರಾಂಕ್ ಸಾಲವನ್ನು 500 ಫ್ರಾಂಕ್ ಸಾಲದಿಂದ ಗುಣಿಸಿದರೆ 50 ಲಕ್ಷದ ಆಸ್ತಿ ಬರುವುದು ಹೇಗೆ ಅನ್ನುವುದು ಅವನ ಗೋಳು. ಕಲಿಸುವವರು ನಿಯಮ ಒಪ್ಪಿಸಿದರೇ ಹೊರತು ಬಿಡಿಸಿ ಹೇಳಲಿಲ್ಲ.

ಹುಡುಗ ಕೇಳಿದ್ದು ಸರಿಯಾಗಿಯೇ ಇತ್ತು. ನಮ್ಮ ದೇಶದ ಗಣಿತಜ್ಞ ಬ್ರಹ್ಮಗುಪ್ತ 628ರಲ್ಲೇ ಧನ, ಋಣ ಅನ್ನುವ ಪದ ಇಟ್ಟುಕೊಂಡು ಈ ನಿಯಮಗಳನ್ನು ಬರೆದಿದ್ದ. ಅದಾಗಿ 1100 ವರ್ಷ ಕಳೆದ ಮೇಲೂ, 1758ರಲ್ಲಿ, ಇಂಗ್ಲೆಂಡಿನ ಫ್ರಾನ್ಸಿಸ್ ಮ್ಯಾಸರೆಸ್ ಎಂಬ ವಿದ್ವಾಂಸರು ಋಣಸಂಖ್ಯೆಗಳೇ (ಮೈನಸ್ ಸಂಖ್ಯೆಗಳೇ) ಬೇಡ ಅಂತ ವಾದಿಸಿ ಪುಸ್ತಕ ಬರೆದರು. ಇಂಥದ್ದನ್ನು ನಾವು ಏಳನೇ ತರಗತಿಯಲ್ಲಿ ಒಂದು ಪೀರಿಯಡ್‌ನಲ್ಲಿ ಮುಗಿಸುತ್ತೇವೆ! ಸಾಲದ ಹೋಲಿಕೆ ಕೂಡಲು, ಕಳೆಯಲು ಚೆನ್ನಾಗಿದೆ. ಗುಣಿಸುವಲ್ಲಿ ಕೈಕೊಡುತ್ತದೆ, ಸಾಲವನ್ನು ಸಾಲದಿಂದ ಗುಣಿಸುವುದು ಅಂದರೆ ಅರ್ಥವೇ ಇಲ್ಲ.

ನಾನು ತರಗತಿಯಲ್ಲಿ ಮಗ್ಗಿಯನ್ನು ಕೆಳಗಿಳಿಸಿ ತೋರಿಸುತ್ತೇನೆ. ಒಂದು ಹಾಳೆ ತೆಗೆದುಕೊಂಡು ಒಂದರ ಕೆಳಗೊಂದು ಬರೆಯಿರಿ. ಮೂರು ಸಲ ಮೈನಸ್ ಎರಡು ಅಂದರೆ ಮೈನಸ್ ಆರು. ಎರಡು ಸಲ ಅಂದರೆ ಮೈನಸ್ ನಾಲ್ಕು. ಒಂದು ಸಲ ಅಂದರೆ ಮೈನಸ್ ಎರಡು. ಸೊನ್ನೆ ಸಲ ಅಂದರೆ ಸೊನ್ನೆ. ಈಗ ಉತ್ತರಗಳನ್ನು ಮಾತ್ರ ಮೇಲಿನಿಂದ ಕೆಳಕ್ಕೆ ನೋಡಿ. ಪ್ರತಿ ಮೆಟ್ಟಿಲಿಗೂ ಎರಡೆರಡು ಏರುತ್ತಿದೆ. ಎಡಗಡೆ ಸೊನ್ನೆ ಆದಮೇಲೆ ಬರುವುದು ಮೈನಸ್ ಒಂದು. ಬಲಗಡೆ ಸೊನ್ನೆಯಿಂದ ಎರಡು ಏರಿದರೆ? ಪ್ಲಸ್ ಎರಡು. ಅಂದರೆ ಮೈನಸ್ ಒಂದನ್ನು ಮೈನಸ್ ಎರಡರಿಂದ ಗುಣಿಸಿದರೆ ಪ್ಲಸ್ ಎರಡು. ಬೇರೆ ಏನೇ ಬರೆದರೂ ಮಗ್ಗಿಯ ನಡಿಗೆ ಕೆಡುತ್ತದೆ. ಇದು ಪೂರ್ತಿ ರುಜುವಾತು ಅಲ್ಲ ಅಂತ ಗಣಿತ ಬಲ್ಲವರು ಹೇಳಬಹುದು, ಒಪ್ಪುತ್ತೇನೆ. ಆದರೆ "ಓ!" ಅನ್ನುವ ಸದ್ದು ಬರುವುದು ಇಲ್ಲೇ.

ನನ್ನ ಚೀಟಿಯನ್ನೂ ಬರೆಯಬೇಕು ಅಲ್ವಾ? ನಾನು ಬಿ.ಎಸ್ಸಿ.ವರೆಗೆ ಗಣಿತ ಓದಿದವಳು. ಅಂಕಪಟ್ಟಿ ನೋಡಿದರೆ ಅಲ್ಲಿಯವರೆಗೂ ಬಂದಿದ್ದೇನೆ ಅನ್ನಿಸುತ್ತದೆ. ನಿಜಕ್ಕೂ ನಿಂತದ್ದು ಎರಡನೇ ವರ್ಷದಲ್ಲಿ, ಒಂದು ಬೆಲೆಗೆ ಎಷ್ಟು ಬೇಕೋ ಅಷ್ಟು ಹತ್ತಿರ ಹೋಗುವುದನ್ನು ಹೇಳುವ ಲಿಮಿಟ್‌ನ ವ್ಯಾಖ್ಯೆಯ ಹತ್ತಿರ. ಎಷ್ಟೇ ಚಿಕ್ಕ ಎಪ್ಸಿಲಾನ್ ಕೊಟ್ಟರೂ ಅದಕ್ಕೆ ತಕ್ಕ ಒಂದು ಡೆಲ್ಟಾ (ಎರಡೂ ಪುಟ್ಟ ದೂರಗಳಿಗೆ ಇಟ್ಟ ಗ್ರೀಕ್ ಅಕ್ಷರಗಳು) ಇರುತ್ತದೆ ಅಂತ ಶುರುವಾಗುವ ಆ ವಾಕ್ಯ. ಪ್ರತಿ ಪದವೂ ಗೊತ್ತಿತ್ತು, ವಾಕ್ಯ ಮಾತ್ರ ಗೊತ್ತಾಗಲಿಲ್ಲ. ಪ್ರಮೇಯಗಳನ್ನು ಪ್ರಾರ್ಥನೆಯ ಹಾಗೆ ಬಾಯಿಪಾಠ ಮಾಡಿ ಬರೆದೆ. ಒಳ್ಳೆಯ ಅಂಕ ಬಂತು. ಅದು ಒಂದು ಥರ ಮೋಸ, ಮಾಡಿಕೊಂಡದ್ದು ನನಗೇ. ಕೆಲಸಕ್ಕೆ ಸೇರಿ ಎಷ್ಟೋ ವರ್ಷದ ಮೇಲೆ, ರಜೆಯಲ್ಲಿ, ಪರೀಕ್ಷೆಯ ಹಂಗಿಲ್ಲದೆ ಮತ್ತೆ ಕೂತಾಗ ಅದು ಬಿಡಿಸಿಕೊಂಡಿತು. ಇದು ಇಬ್ಬರ ಆಟ, ಒಬ್ಬರು ಎಪ್ಸಿಲಾನ್ ಕೊಟ್ಟು ಸವಾಲು ಹಾಕುತ್ತಾರೆ, ಇನ್ನೊಬ್ಬರು ಡೆಲ್ಟಾ ಹುಡುಕಿ ಉತ್ತರ ಕೊಡುತ್ತಾರೆ ಅಂತ ಅಂದುಕೊಂಡ ಮೇಲೆ.

ಆಮೇಲೆ ಚರಿತ್ರೆ ಓದಿ ಸ್ವಲ್ಪ ಸಮಾಧಾನವಾಯಿತು. ಲಿಮಿಟ್ ಮೇಲೆ ನಿಂತಿರುವ ಗಣಿತವೇ ಕ್ಯಾಲ್ಕುಲಸ್, ಇಂಟಿಗ್ರೇಶನ್ ಬರುವುದೂ ಅದರಲ್ಲೇ. ಜರ್ಮನಿಯ ಲೈಬ್ನಿಟ್ಸ್ ಅದರ ಬಗ್ಗೆ ಮೊದಲು ಪ್ರಕಟಿಸಿದ್ದು 1684ರಲ್ಲಿ. ನ್ಯೂಟನ್ ಅದಕ್ಕೂ ಮೊದಲೇ ಕಂಡುಕೊಂಡಿದ್ದ. ಲಿಮಿಟ್ ಅನ್ನುವುದಕ್ಕೆ ಗಟ್ಟಿ ಬುನಾದಿ ಹಾಕಲು ಫ್ರಾನ್ಸಿನ ಗಣಿತಜ್ಞ ಕೋಶಿ ಹೊರಟದ್ದು 1821ರಲ್ಲಿ, ಅದು ಇವತ್ತಿನ ರೂಪಕ್ಕೆ ಬಂದದ್ದು ಇನ್ನೂ ಆಮೇಲೆ, ಜರ್ಮನಿಯ ವೈಯರ್‌ಸ್ಟ್ರಾಸ್ ಕೈಯಲ್ಲಿ. ಅಷ್ಟು ಜನ ಅಷ್ಟು ಕಾಲ ತೆಗೆದುಕೊಂಡದ್ದನ್ನು ನನಗೆ ಒಂದು ಸೆಮಿಸ್ಟರಿನಲ್ಲಿ ಕಲಿ ಅಂದಿದ್ದರು.

ಮಕ್ಕಳಿಗೆ ಸಮಾಧಾನ ಹೇಳಲು ಐನ್‌ಸ್ಟೈನ್ ಕೂಡ ಗಣಿತದಲ್ಲಿ ಫೇಲ್ ಆಗಿದ್ದರು ಅಂತ ಕೆಲವರು ಹೇಳುತ್ತೀರಿ. ದಯವಿಟ್ಟು ಬೇಡ, ಅದು ಸುಳ್ಳು. ಹದಿನೈದು ತುಂಬುವ ಮೊದಲೇ ಕ್ಯಾಲ್ಕುಲಸ್ ಕಲಿತಿದ್ದೆ ಅಂತ ಅವರೇ ಹೇಳಿದ್ದಾರೆ. ರಾಮಾನುಜನ್ ಕಾಲೇಜು ಪರೀಕ್ಷೆಯಲ್ಲಿ ಫೇಲ್ ಆದದ್ದು ನಿಜ, ಆದರೆ ಗಣಿತದಲ್ಲಲ್ಲ, ಬೇರೆ ವಿಷಯಗಳಲ್ಲಿ. ನಿಜವಾದ ಕಥೆಗಳೇ ಬೇಕಾದಷ್ಟಿವೆ. ಮರಿಯಂ ಮಿರ್ಜಾಖಾನಿ ಅನ್ನುವ ಇರಾನಿನ ಹುಡುಗಿಗೆ ಶಾಲೆಯಲ್ಲಿ ಒಂದು ವರ್ಷ ಗಣಿತ ಚೆನ್ನಾಗಿ ಆಗಲಿಲ್ಲ. ಇವಳಲ್ಲಿ ಅಂಥ ಪ್ರತಿಭೆ ಇಲ್ಲ ಅಂದುಕೊಂಡಿದ್ದರು ಟೀಚರ್. ಅವಳಿಗೂ ಆಸಕ್ತಿ ಹೋಯಿತು. ಮರುವರ್ಷ ಬೇರೆ ಟೀಚರ್ ಬಂದು ಹುರಿದುಂಬಿಸಿದರು. 2014ರಲ್ಲಿ ಗಣಿತದ ಅತಿ ದೊಡ್ಡ ಗೌರವಗಳಲ್ಲಿ ಒಂದಾದ ಫೀಲ್ಡ್ಸ್ ಪದಕ ಪಡೆದ ಮೊದಲ ಮಹಿಳೆ ಆಕೆ. ನಡುವೆ ಬದಲಾದದ್ದು ಒಬ್ಬ ಟೀಚರ್, ನೋಡಿ. ಇದು ನಮಗೂ ಚುಚ್ಚುವ ಕಥೆ.

ನಿಂತೇ ಬಿಟ್ಟವರೂ ಇದ್ದಾರೆ. ಚಾರ್ಲ್ಸ್ ಡಾರ್ವಿನ್ 1828ರ ಬೇಸಿಗೆಯಲ್ಲಿ ಮನೆಪಾಠದ ಮೇಷ್ಟ್ರನ್ನೂ ಇಟ್ಟುಕೊಂಡು ಪ್ರಯತ್ನಿಸಿದರು. ಬೀಜಗಣಿತದ ಮೊದಲ ಮೆಟ್ಟಿಲುಗಳಲ್ಲೇ ಅರ್ಥ ಕಾಣದೆ ಬಿಟ್ಟರು. ಅಲ್ಲಿ ತಾಳ್ಮೆ ಕಳೆದುಕೊಂಡದ್ದು ಮೂರ್ಖತನ ಅಂತ ಮುದಿವಯಸ್ಸಿನಲ್ಲಿ ಬರೆದುಕೊಂಡಿದ್ದಾರೆ. ವಿಜ್ಞಾನಿ ಮೈಕೆಲ್ ಫ್ಯಾರಡೆಯದು ಇನ್ನೊಂದು ಬಗೆ. ಪುಸ್ತಕ ಬೈಂಡ್ ಮಾಡುವುದನ್ನು ಕಲಿಯುತ್ತಿದ್ದ ಹುಡುಗ, ಹೆಚ್ಚು ಶಾಲೆ ಕಂಡವನಲ್ಲ. 1831ರಲ್ಲಿ ವಿದ್ಯುತ್ಕಾಂತ ಪ್ರೇರಣೆಯನ್ನು (ಆಯಸ್ಕಾಂತದಿಂದ ವಿದ್ಯುತ್ ಹುಟ್ಟಿಸುವುದನ್ನು) ಕಂಡುಹಿಡಿದಾಗಲೂ ಬಳಸಿದ್ದು ಸಮೀಕರಣ ಅಲ್ಲ, ಚಿತ್ರ. ಆಯಸ್ಕಾಂತದ ಬಲ ಯಾವ ಕಡೆಗೆ ಅಂತ ತೋರಿಸಲು ಅವನು ಕಲ್ಪಿಸಿದ ಬಲರೇಖೆಗಳನ್ನು ಗಣಿತಕ್ಕೆ ತಂದದ್ದು ಭೌತವಿಜ್ಞಾನಿ ಮ್ಯಾಕ್ಸ್‌ವೆಲ್. 1857ರಲ್ಲಿ ಫ್ಯಾರಡೆ ಈ ಮ್ಯಾಕ್ಸ್‌ವೆಲ್‌ಗೆ ಕಾಗದ ಬರೆದು ಕೇಳಿದ್ದು ಇಷ್ಟು: ನೀವು ಗಣಿತಜ್ಞರು ಕಂಡುಕೊಂಡದ್ದನ್ನು ನಮ್ಮಂಥವರಿಗೆ ತಿಳಿಯುವ ಸಾಮಾನ್ಯ ಭಾಷೆಯಲ್ಲೂ ಹೇಳಬಾರದೇ? ಆಗ ಫ್ಯಾರಡೆಗೆ 66 ವರ್ಷ. ಆ ವಯಸ್ಸಿನಲ್ಲೂ "ನನಗೆ ಗಣಿತ ಬರಲ್ಲ" ಅಂತ ಸುಮ್ಮನೆ ಕೂರಲಿಲ್ಲ. ನನಗೆ ತಿಳಿಯುವ ಹಾಗೆ ಹೇಳಿ ಅಂದರು.

ಈಗ ಮನೆಯ ವಿಷಯ. ಸ್ವಲ್ಪ ಖಾರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. "ನನಗೂ ಲೆಕ್ಕ ಬರ್ತಿರಲಿಲ್ಲ, ನಮ್ಮ ಮನೆತನಕ್ಕೇ ಬರಲ್ಲ" ಅಂತ ಮಗುವಿನ ಮುಂದೆ ಅನ್ನಬೇಡಿ. ನೀವು ಅದನ್ನು ಸಮಾಧಾನಕ್ಕೆ ಹೇಳುತ್ತೀರಿ. ಮಗುವಿಗೆ ಅದು ಮೂಗಿನ ಆಕಾರದ ಹಾಗೆ, ಹುಟ್ಟಿನಿಂದಲೇ ಬಂದದ್ದು ಅಂತ ಕೇಳಿಸುತ್ತದೆ. 2015ರಲ್ಲಿ ಅಮೆರಿಕದ ಸಂಶೋಧಕರು ಒಂದು, ಎರಡನೇ ತರಗತಿಯ ಮಕ್ಕಳ ಮೇಲೆ ಮಾಡಿದ ಅಧ್ಯಯನವೊಂದಿದೆ. ಗಣಿತದ ಭಯ ಇರುವ ಅಪ್ಪ ಅಮ್ಮ ಪದೇ ಪದೇ ಗಣಿತದ ಹೋಂವರ್ಕಿಗೆ ಸಹಾಯ ಮಾಡುತ್ತಿದ್ದ ಮನೆಗಳಲ್ಲಿ ಮಕ್ಕಳು ಆ ವರ್ಷ ಕಡಿಮೆ ಗಣಿತ ಕಲಿತಿದ್ದರು, ವರ್ಷದ ಕೊನೆಗೆ ಭಯವೂ ಜಾಸ್ತಿಯಾಗಿತ್ತು. ಅಷ್ಟಾಗಿ ಸಹಾಯ ಮಾಡದ ಮನೆಗಳಲ್ಲಿ ಹಾಗೆ ಆಗಿರಲಿಲ್ಲ. ಹಾಗಂತ ಕೈಬಿಡಿ ಅನ್ನುತ್ತಿಲ್ಲ. ಪೆನ್ಸಿಲ್ ಕಿತ್ತುಕೊಂಡು ನೀವೇ ಮಾಡಬೇಡಿ. "ಇದನ್ನು ಹೇಗೆ ಮಾಡಿದೆ, ನನಗೂ ಹೇಳಿಕೊಡು" ಅನ್ನಿ. ನಿಮ್ಮ ಕಥೆ ಹೇಳಲೇಬೇಕು ಅನ್ನಿಸಿದರೆ ಚೀಟಿಯಲ್ಲಿ ಬರೆದ ಹಾಗೆ ಪೂರ್ತಿ ಹೇಳಿ. ಆ ಮೂರು ವಾರದ ಜ್ವರದ ಸಮೇತ.

ತಪ್ಪು ನಮ್ಮದೂ ಇದೆ. ಮೂರು, ನಾಲ್ಕನೇ ತರಗತಿಯಲ್ಲಿ ಗಡಿಯಾರ ಹಿಡಿದು ಮಗ್ಗಿ ಕೇಳುತ್ತಿದ್ದೆವು. ಬೇಗ ಹೇಳಿದವರೇ ಜಾಣರು ಅನ್ನುವ ಹಾಗಾಗಿತ್ತು. ಮುಂದಿನ ವಾರದಿಂದ ಗಡಿಯಾರ ಇರುವುದಿಲ್ಲ. ಮಗ್ಗಿ ಇರುತ್ತದೆ, ಅದರಲ್ಲಿ ರಿಯಾಯಿತಿ ಇಲ್ಲ. ಹಾಗೆಯೇ ಒಂದು ವಾರಕ್ಕಿಂತ ಜಾಸ್ತಿ ರಜೆ ಹಾಕಿದ ಮಗು ವಾಪಸ್ ಬಂದಾಗ ಅದಕ್ಕೆ ತಪ್ಪಿದ ಲೆಕ್ಕದ ಪಾಠ ಯಾವುದು ಅಂತ ಟೀಚರ್ ಬರೆದಿಟ್ಟು, ಬೇರೆಯಾಗಿ ಕೂರಿಸಿಕೊಂಡು ಹೇಳಿಕೊಡುತ್ತಾರೆ. ರಜೆ ಚೀಟಿ ಕಳಿಸಲು ಮರೆಯಬೇಡಿ.

ಇನ್ನು ನಿಮಗೆ. ಬರುವ ಶನಿವಾರದಿಂದ ನಾಲ್ಕು ಶನಿವಾರ, ಸಂಜೆ 4ರಿಂದ 5, ಐದನೇ ತರಗತಿಯ ಕೋಣೆಯಲ್ಲಿ ದೊಡ್ಡವರಿಗೆ ಲೆಕ್ಕದ ಪಾಠ. ನಾಲ್ಕೂ ವಾರ ಭಿನ್ನರಾಶಿ ಮಾತ್ರ. ಪರೀಕ್ಷೆ ಇಲ್ಲ, ಹಾಜರಿ ಇಲ್ಲ. ಮಕ್ಕಳಿಗೆ ಪ್ರವೇಶ ಇಲ್ಲ, ಕಿಟಕಿಯಲ್ಲಿ ಇಣುಕಿದರೂ ಓಡಿಸುತ್ತೇನೆ. ಪೆನ್ಸಿಲ್ ಒಂದು, ಉದ್ದನೆಯ ಕಾಗದದ ಪಟ್ಟಿ ಒಂದು ತನ್ನಿ. ಪಟ್ಟಿಯನ್ನು ಮಡಿಸಿ, ಅರ್ಧದೊಳಗೆ ಎಷ್ಟು ಕಾಲು ಇದೆ ಅಂತ ಎಣಿಸುವುದರಿಂದ ಶುರು ಮಾಡೋಣ. ತಲೆಕೆಳಗು ಮಾಡಿ ಗುಣಿಸುವುದು ಯಾಕೆ ಅಂತ ಎರಡನೇ ಶನಿವಾರ ನೋಡೋಣ. ಬೆಂಚು ಚಿಕ್ಕದು, ಮಂಡಿ ತಾಗಬಹುದು, ಸ್ವಲ್ಪ ಸಹಿಸಿಕೊಳ್ಳಿ.

"ನಿಲ್ಲಿಸಿದರು" ಅಂತ ಬರೆದವರು ಯಾರು ಅಂತ ನಾನು ಹುಡುಕಲು ಹೋಗಿಲ್ಲ. ನೀವೂ ಬನ್ನಿ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ

ಮರೆತಿದ್ದೆ: ಚೀಟಿಗಳನ್ನು ಯಾರಿಗೂ ತೋರಿಸಿಲ್ಲ. ನನ್ನ ಕಪಾಟಿನ ಡಬ್ಬದಲ್ಲಿವೆ, ನನ್ನದೂ ಅದರಲ್ಲೇ ಇದೆ. ವಾಪಸ್ ಬೇಕಾದವರು ಬಂದು ಅಕ್ಷರ ಗುರುತು ಹಿಡಿದು ತೆಗೆದುಕೊಂಡು ಹೋಗಬಹುದು.