ಶಾಲೆಯ ತಾರಸಿಯ ಬೀಗ ತೆಗೆಸಿಕೊಡಿ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ಈ ಸಲ ರಸ್ತೆ, ಚರಂಡಿ ಅಂತ ಬರೆಯುತ್ತಿಲ್ಲ. ನಮ್ಮ ಬಡಾವಣೆಯ ಸರ್ಕಾರಿ ಶಾಲೆಯ ತಾರಸಿಯಲ್ಲಿ ಸೊಪ್ಪು ಬೆಳೆಯಲು ಅವಕಾಶ ಕೊಡಿಸಿ ಅಂತ ಕೇಳುತ್ತಿದ್ದೇನೆ.

ನಮ್ಮ ಬೀದಿ ನೀವು ನೋಡಿದ್ದೇ. ಬೆಂಗಳೂರಿನ ಎಲ್ಲ ಕಡೆಯ ಹಾಗೆ ಗೋಡೆಗೆ ಗೋಡೆ ಅಂಟಿದ ಮನೆಗಳು. ತುಳಸಿ ನೆಡೋಕೂ ಹಿಡಿ ಮಣ್ಣಿಲ್ಲ. ಗಾರ್ಮೆಂಟ್ಸ್ ಕೆಲಸ ಮುಗಿಸಿ ಹೆಣ್ಣುಮಕ್ಕಳು ಸಂಜೆ ಬರುವ ಹೊತ್ತಿಗೆ ತಳ್ಳುಗಾಡಿಯಲ್ಲಿ ಉಳಿದಿರುವುದು ಬಾಡಿದ ಸೊಪ್ಪು. ಅದು ಎಲ್ಲಿ ಬೆಳೆದದ್ದು ಅನ್ನೋದೂ ಗೊತ್ತಿರಲ್ಲ. ವೃಷಭಾವತಿ ನದಿಯ ಕೊಳಚೆ ನೀರಿನಲ್ಲಿ ಬೆಳೆದ ಸೊಪ್ಪಿನಲ್ಲಿ ಭಾರ ಲೋಹಗಳಿರುವುದನ್ನು ವಿಜ್ಞಾನಿಗಳು ಹೇಳುತ್ತಲೇ ಬಂದಿದ್ದಾರೆ.

ಪಿಯುಸಿ ಮುಗಿಸಿ ಮನೆಯಲ್ಲಿದ್ದ ನಾಲ್ಕೈದು ಮಕ್ಕಳನ್ನು ಕಟ್ಟಿಕೊಂಡು ನಮ್ಮ ಮನೆ ತಾರಸಿಯಲ್ಲಿ ಸೊಪ್ಪು ಬೆಳೆಯಲು ಶುರು ಮಾಡಿದೆ. ಮಣ್ಣು ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆವು. ಬದಲಿಗೆ ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ. ಒದ್ದೆ ಮಣ್ಣಿಗಿಂತ ಅದು ಬಹಳ ಹಗುರ. ಐದು ಕೆಜಿಯ ಒಂದು ಇಟ್ಟಿಗೆಗೆ ನೀರು ಹಾಕುತ್ತಾ ಹೋದರೆ ಉಬ್ಬಿ ಉಬ್ಬಿ ದೊಡ್ಡ ಟಬ್ ತುಂಬುತ್ತದೆ. ಮೀನಿನಂಗಡಿಯಿಂದ ತಂದ ಥರ್ಮಾಕೋಲ್ ಡಬ್ಬಗಳಿಗೆ ಅದನ್ನೇ ತುಂಬಿ ಪಾಲಕ್, ಹರಿವೆ ಬಿತ್ತಿದೆವು.

ಮೊದಲ ಬೆಳೆ ಎಲೆಯಂಚು ಸುಟ್ಟ ಹಾಗಾಗಿ ಹೋಯಿತು. ತೆಂಗಿನ ನಾರಿನ ಪುಡಿಯಲ್ಲಿ ಉಪ್ಪಿನ ಅಂಶ ಇರುತ್ತದೆ, ತೊಳೆಯಬೇಕು. ನಮಗೆ ಗೊತ್ತಿರಲಿಲ್ಲ. ಪಕ್ಕದ ಮನೆಯ ಹುಡುಗಿ ಕಾಮರ್ಸ್ ಓದಿದವಳು. ವಾಟರ್ ಫಿಲ್ಟರ್ ರಿಪೇರಿಯವರು ಜೇಬಿನಲ್ಲಿಟ್ಟುಕೊಳ್ಳುವ ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಉಪ್ಪಿನ ಅಂಶ ಅಳೆಯೋ ಸಾಧನ) ತಂದು, ಪ್ರತಿ ಸಲ ತೊಳೆದ ನೀರಿಗೆ ಅದ್ದಿ, ಅಂಕಿಯನ್ನು ಉದ್ದ ನೋಟ್‌ಬುಕ್ಕಿನಲ್ಲಿ ಬರೆದಳು. ಮೂರನೇ ತೊಳೆತಕ್ಕೆ ಅಂಕಿ ಇಳಿಯಿತು. "ಅಂಕಲ್, ಈಗ ಬಿತ್ತಬಹುದು" ಅಂದಳು. ಆ ಬೆಳೆ ಚೆನ್ನಾಗಿ ಬಂತು. ಈಗ ಡಬ್ಬಗಳ ಪೂರ್ತಿ ಲೆಕ್ಕ ಅವಳದೇ.

ಇದಕ್ಕೆ ಬೇಕಾದ ವಿದ್ಯೆ ನಮ್ಮ ಊರಿನಲ್ಲೇ ಇದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಮಣ್ಣಿಲ್ಲದ ಬೇಸಾಯಕ್ಕಂತಲೇ ಅರ್ಕಾ ಫರ್ಮೆಂಟೆಡ್ ಕೊಕೊಪೀಟ್, ಗಿಡಕ್ಕೆ ಪೋಷಕಾಂಶ ಕೊಡುವ ಅರ್ಕಾ ಸಸ್ಯಪೋಷಕ್ ರಸ್ ಎಂಬ ದ್ರಾವಣ ತಯಾರಿಸಿದೆ. ತಿಪಟೂರು, ಅರಸೀಕೆರೆ ಕಡೆ ತೆಂಗಿನ ನಾರಿಗೇನು ಕೊರತೆಯೇ?

ದಯವಿಟ್ಟು ಪೈಪಿನಲ್ಲಿ ಹರಿಯುವ ನೀರಿನಲ್ಲೇ ಗಿಡ ಬೆಳೆಸುವ, ಪಂಪಿನ ದುಬಾರಿ ಹೈಡ್ರೋಪೋನಿಕ್ಸ್ ಸೆಟ್ ಮಾತ್ರ ಕೊಡಿಸಬೇಡಿ. ಏಪ್ರಿಲ್ ಬಿಸಿಲಿನಲ್ಲಿ ಕೆಲವು ಗಂಟೆ ಕರೆಂಟ್ ಹೋದರೆ ಪೈಪಿನೊಳಗಿನ ಬೇರು ಒಣಗುತ್ತದೆ. ಕೊಕೊಪೀಟ್ ಒದ್ದೆ ಹಿಡಿದಿಟ್ಟುಕೊಳ್ಳುತ್ತದೆ, ಪಂಪೂ ಬೇಡ.

ನೀರಿಗೇನು ಅಂತ ನೀವು ಕೇಳಬಹುದು, ಕೇಳಲೇಬೇಕು. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಗಿಡಗಳಿಗೆ ಕುಡಿಯುವ ನೀರು ಹಾಕಿದರೆ 5,000 ರೂಪಾಯಿ ದಂಡ ಅಂದಿತ್ತು. ಹಾಗಾಗಿ ತಾರಸಿಯ ಜತೆಗೆ ಮಳೆನೀರಿನ ಟ್ಯಾಂಕೂ ಬೇಕು. 100 ಚದರ ಮೀಟರ್ ತಾರಸಿ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 1,000 ಲೀಟರ್. ಅಷ್ಟೂ ಈಗ ಸುಮ್ನೆ ಮೋರಿಗೆ ಹೋಗುತ್ತಿದೆ. ಬೋರ್‌ವೆಲ್‌ನ ಗಡಸು ನೀರಿಗಿಂತ ಈ ಬೇಸಾಯಕ್ಕೆ ಮಳೆನೀರೇ ವಾಸಿ.

ತಾರಸಿಯಲ್ಲಿ ಅಕ್ಕಿ, ರಾಗಿ ಬೆಳೆಯಲಾಗದು. ಅದು ಪಡಿತರದಿಂದಲೇ ಬರಬೇಕು. ಆದರೆ ಬಿಸಿಯೂಟದ ಸಾಂಬಾರಿಗೆ ವಾರಕ್ಕೆರಡು ದಿನ ಬೆಳಿಗ್ಗೆ ಕಿತ್ತ ಸೊಪ್ಪು ಬೀಳುವಂತೆ ಮಾಡಬಹುದು. ಕಾನೂನಿನ ತೊಡಕೂ ಇಲ್ಲ. ಶಾಲಾ ಪೌಷ್ಟಿಕ ಕೈತೋಟದ ಬಗ್ಗೆ 2019ರಲ್ಲಿ ಕೇಂದ್ರ ಹೊರಡಿಸಿದ ಮಾರ್ಗಸೂಚಿಯೇ ಜಾಗವಿಲ್ಲದ ಕಡೆ ಡಬ್ಬ, ಕುಂಡ, ತಾರಸಿ ಬಳಸಬಹುದು ಅನ್ನುತ್ತದೆ.

ನನ್ನ ಜತೆಗಿರುವ ಪಿಯುಸಿ ಮುಗಿಸಿದ ಮಕ್ಕಳನ್ನು ಸ್ವಯಂಸೇವಕರು ಅಂತ ಪುಕ್ಕಟೆ ದುಡಿಸಿಕೊಳ್ಳುವುದು ಬೇಡ. ಬೆಳಿಗ್ಗೆ ಎರಡು ಗಂಟೆ ಕೆಲಸಕ್ಕೆ ತಿಂಗಳ ಸಂಭಾವನೆ ಕೊಡಿಸಿ, ಹೆಸರಘಟ್ಟಕ್ಕೆ ತರಬೇತಿಗೆ ಕಳಿಸಿ. ಗೊಬ್ಬರದ ನೀರು ಬೆರೆಸೋದು, ಅದರ ರಸಸಾರ (ಪಿಎಚ್) ನೋಡೋದು, ಖರ್ಚಿನ ಲೆಕ್ಕ ಬರೆಯೋದು ಕಲಿತವರಿಗೆ ನಾಳೆ ನರ್ಸರಿಯಲ್ಲೋ ಪಾಲಿಹೌಸ್‌ನಲ್ಲೋ ಕೆಲಸ ಸಿಗುತ್ತದೆ, ಅಲ್ವಾ?

ಹೆಡ್‌ಮಾಸ್ಟರ್ ಒಪ್ಪಿದ್ದಾರೆ, ಶಾಲಾಭಿವೃದ್ಧಿ ಸಮಿತಿಯವರೂ (ಎಸ್‌ಡಿಎಂಸಿ) ಒಪ್ಪಿದ್ದಾರೆ. ಕಟ್ಟಡ ಭಾರ ತಡೆಯುತ್ತದೆಯೇ ಅಂತ ಇಂಜಿನಿಯರ್ ಒಬ್ಬರು ಬಂದು ನೋಡಬೇಕು, ಪ್ಯಾರಾಪೆಟ್ ಗೋಡೆ ಎರಡು ಅಡಿ ಎತ್ತರಿಸಬೇಕು, ಟ್ಯಾಂಕಿಗೆ ನಿಮ್ಮ ನಿಧಿಯಿಂದ ಹಣ ಬೇಕು. ಮುಂಗಾರು ಹಿಡಿಯುವ ಮೊದಲು ಇಷ್ಟು ಮಾಡಿಸಿಕೊಡಿ. ಡಬ್ಬ, ಬೀಜ, ಕೊಕೊಪೀಟ್ ನಾವು ಹೊಂದಿಸಿಕೊಳ್ಳುತ್ತೇವೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ