45 ದಿನ ಯಾವತ್ತಿನಿಂದ ಎಣಿಸಬೇಕು?

ಮಾನ್ಯ ಸಂಪಾದಕರೆ,

ಮಾರ್ಚ್ ಬಂತೆಂದರೆ ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳ, ಧಾರವಾಡದ ಬೇಲೂರು ಕಡೆಯ ಸಣ್ಣ ಘಟಕಗಳಿಗೆ ಮಾಲು ಕೊಳ್ಳುವ ಕಂಪನಿಗಳಿಂದ ಒಂದು ಬಗೆಯ ಫೋನು ಬರತೊಡಗುತ್ತದೆ: ‘ಆ ಹಳೇ ಬಿಲ್ಲು ಕ್ಯಾನ್ಸಲ್ ಮಾಡ್ರಿ, ಏಪ್ರಿಲ್ ತಾರೀಖು ಹಾಕಿ ಹೊಸಾದು ಕಳಸ್ರಿ.’ ಮಾಲು ಜನವರಿಯಲ್ಲೇ ಗೇಟು ದಾಟಿರುತ್ತದೆ. ಮಷಿನಿಗೆ ಜೋಡಣೆಯಾಗಿ ಗಿರಾಕಿಯ ಕೈಗೂ ಹೋಗಿರುತ್ತದೆ. ಹೀಗೆ ಕೇಳಲು ಕಾರಣ ತೆರಿಗೆ. ಸೂಕ್ಷ್ಮ ಮತ್ತು ಸಣ್ಣ ಘಟಕಗಳ ಬಾಕಿಯನ್ನು ಕಾನೂನು ಹೇಳಿದ ಅವಧಿಯೊಳಗೆ ಕೊಡದೆ ಮಾರ್ಚ್ 31 ದಾಟಿಸಿದರೆ, ಆ ಖರ್ಚನ್ನು ಆ ವರ್ಷದ ಲಾಭದಲ್ಲಿ ಕಳೆಯಲು ಬರುವುದಿಲ್ಲ ಎಂಬ ಆದಾಯ ತೆರಿಗೆಯ 43ಬಿ(ಎಚ್) ನಿಯಮ 2023-24ರ ಲೆಕ್ಕದ ವರ್ಷದಿಂದ ಜಾರಿಗೆ ಬಂತು. ಬಾಕಿ ತೀರಲಿ ಎಂದು ತಂದ ನಿಯಮಕ್ಕೆ ಕೆಲವರು ಕಂಡುಕೊಂಡ ದಾರಿ, ತಾರೀಖು ತಿದ್ದುವುದು.

‘45 ದಿನದೊಳಗೆ ಕೊಡಬೇಕು’ ಎಂಬಷ್ಟು ಈಗ ಎಲ್ಲರಿಗೂ ಗೊತ್ತು. ಎಲ್ಲಿಂದ ಎಣಿಸಬೇಕು ಎಂಬಲ್ಲಿ ಮೋಸ ನಡೆಯುತ್ತದೆ. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ 2006ರ ಕಾಯ್ದೆಯ (ಎಂಎಸ್‌ಎಂಇಡಿ) ಪ್ರಕಾರ ಬರಹದ ಒಪ್ಪಂದ ಇಲ್ಲದಿದ್ದರೆ 15 ದಿನ, ಇದ್ದರೆ ಹೆಚ್ಚೆಂದರೆ 45 ದಿನ. ಖರೀದಿ ಆದೇಶದಲ್ಲಿ (ಪಿಒ) 90 ಅಥವಾ 120 ದಿನ ಎಂದು ಅಚ್ಚು ಹಾಕಿಸಿದರೂ 45ರ ಮೇಲಿನದು ನಿಲ್ಲುವುದಿಲ್ಲ. ಎಣಿಕೆ ಶುರುವಾಗುವುದು ಮಾಲು ಮುಟ್ಟಿದ ದಿನದಿಂದ. ದೋಷವಿದ್ದರೆ ಮುಟ್ಟಿದ 15 ದಿನದೊಳಗೆ ಬರಹದಲ್ಲಿ ತಿಳಿಸಬೇಕು. ಆಗ ದೋಷ ಸರಿಮಾಡಿ ಕೊಟ್ಟ ದಿನದಿಂದ ಎಣಿಕೆ. ತಿಳಿಸದಿದ್ದರೆ ಮಾಲು ಒಪ್ಪಿಕೊಂಡಂತೆಯೇ. ಫೋನಿನಲ್ಲಿ ‘ಸೈಜ್ ಸರಿ ಇಲ್ಲ’ ಎಂದದ್ದು ಇಲ್ಲಿ ಲೆಕ್ಕಕ್ಕಿಲ್ಲ.

ಮಾಲು ಸ್ಟೋರಿಗೆ ತೆಗೆದುಕೊಂಡೆವೆಂದು ಕಂಪನಿ ಬರೆಯುವ ಜಿಆರ್‌ಎನ್ ಎಂಬ ಚೀಟಿಗೆ ಈ ಎಣಿಕೆಯಲ್ಲಿ ಜಾಗವೇ ಇಲ್ಲ. ಆದರೂ ಎಷ್ಟೋ ಕಾರ್ಖಾನೆಗಳ ಕಂಪ್ಯೂಟರು ದಿನ ಎಣಿಸುವುದು ಜಿಆರ್‌ಎನ್ ಆದ ಮೇಲೆ. ಕೆಲವೆಡೆ ಬಿಲ್ಲು ಅಕೌಂಟ್ಸ್‌ನಲ್ಲಿ ಪಾಸಾದ ಮೇಲೆ. ಗೇಟಿನ ರಿಜಿಸ್ಟರಿನಲ್ಲಿ 3ನೇ ತಾರೀಖು, ಜಿಆರ್‌ಎನ್‌ನಲ್ಲಿ 28. ನಡುವಿನ 25 ದಿನ ಕೊಂಡವರ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ಇದಕ್ಕೆ ಇಂಥವರೇ ಹೊಣೆ ಎಂದು ಬೆರಳು ತೋರಿಸಲು ಹೊರಟರೆ ಯಾರೂ ಸಿಗುವುದಿಲ್ಲ. ಸ್ಟೋರಿನವರು ‘ಕ್ಯೂಸಿ (ಗುಣಮಟ್ಟದ ಪರೀಕ್ಷೆ) ಆಗಿಲ್ರಿ’ ಅನ್ನುತ್ತಾರೆ. ಕ್ಯೂಸಿಯವರ ಗೇಜು ಕ್ಯಾಲಿಬ್ರೇಷನ್‌ಗೆ ಹೋಗಿರುತ್ತದೆ. ಪರ್ಚೇಸ್‌ನಲ್ಲಿ ಪಿಒ ತಿದ್ದುಪಡಿಗೆ ಸಾಹೇಬರ ಸಹಿ ಬಾಕಿ. ಅಕೌಂಟ್ಸ್‌ನವರು ಪೇಮೆಂಟ್ ಬಿಡುವುದು ತಿಂಗಳಿಗೆ ಒಂದೇ ಸಲ. ಬಿಡಿಯಾಗಿ ನೋಡಿದರೆ ಒಬ್ಬೊಬ್ಬರ ಮಾತೂ ನಿಜ. ಆದರೆ ‘ಬಾಕಿ ಕೊಡುವ ಸರಾಸರಿ ದಿನ 75ರಿಂದ 90ಕ್ಕೆ ಹೋದರೆ ಇಷ್ಟು ಇನ್ಸೆಂಟಿವ್’ ಎಂದು ಹಣಕಾಸು ಮುಖ್ಯಸ್ಥರಿಗೆ ಗುರಿ ಬರೆದುಕೊಟ್ಟ ದಿನವೇ ಇದೆಲ್ಲ ಮೇಲಿನ ಕೋಣೆಯಲ್ಲಿ ತೀರ್ಮಾನವಾಗಿರುತ್ತದೆ. ಕೊನೆಗೆ ಸುಳ್ಳು ತಾರೀಖಿನ ಕೆಳಗೆ ಬೀಳುವ ಸಹಿ ಮಾತ್ರ ಎಲ್ಲರಿಗಿಂತ ಕಡಿಮೆ ಪಗಾರದ ಸ್ಟೋರ್ ಕ್ಲರ್ಕಿನದು. ತಪ್ಪು ಎಂದು ಗೊತ್ತಿದ್ದೂ ‘ಒಲ್ಲೆ’ ಅನ್ನುವ ತಾಕತ್ತು ಇಲ್ಲದವನ ಕೈಯಲ್ಲಿ ಆ ಪೆನ್ನು ಕೊಟ್ಟವರೇ ಆ ಸುಳ್ಳಿಗೆ ಹೊಣೆ.

ಸಣ್ಣವರ ಕಡೆಯ ಲೆಕ್ಕವನ್ನೂ ನೋಡಬೇಕು. 5 ಲಕ್ಷದ ಮಾಲಿಗೆ ಶೇ 18 ಜಿಎಸ್‌ಟಿ ಸೇರಿ ಬಿಲ್ಲು 5.90 ಲಕ್ಷ. ದುಡ್ಡು ಬರಲಿ ಬಿಡಲಿ, ಆ 90 ಸಾವಿರದಲ್ಲಿ ತನ್ನ ಖರೀದಿಯ ಮೇಲೆ ಆಗಲೇ ಕೊಟ್ಟ ಜಿಎಸ್‌ಟಿ (ಕ್ರೆಡಿಟ್) ಕಳೆದು ಉಳಿದದ್ದನ್ನು ಘಟಕ ಮುಂದಿನ ತಿಂಗಳೇ ಕಟ್ಟಬೇಕು. ಕಂಪನಿ ಕೊಟ್ಟ ಮಾಲಿನ ಮೇಲೆ ಕೂಲಿ ಕೆಲಸ, ಅಂದರೆ ಜಾಬ್‌ವರ್ಕ್ ಮಾಡುವವರಿಗೆ ಕಳೆಯಲು ಕ್ರೆಡಿಟ್ಟೂ ಹೆಚ್ಚಿರುವುದಿಲ್ಲ, ಅವರ ಖರ್ಚೆಲ್ಲ ಪಗಾರ ಮತ್ತು ಕರೆಂಟ್ ಬಿಲ್ಲಿನಲ್ಲೇ ಹೋಗುತ್ತದೆ. ಕೊಂಡ ಕಂಪನಿ ಮಾತ್ರ ಪೂರ್ತಿ 90 ಸಾವಿರದ ಕ್ರೆಡಿಟ್ ಆಗಲೇ ಬಳಸಿಕೊಂಡಿರುತ್ತದೆ. 180 ದಿನ ದಾಟಿದರೂ ದುಡ್ಡು ಕೊಡದಿದ್ದರೆ ಮಾತ್ರ ಅದನ್ನು ತಿರುಗಿ ಕಟ್ಟಬೇಕು. ಇನ್ನೊಂದು ಪೆಟ್ಟು ಬ್ಯಾಂಕಿನಿಂದ. 90 ದಿನ ದಾಟಿದ ಬಾಕಿಯನ್ನು ಬ್ಯಾಂಕುಗಳು ಸಾಮಾನ್ಯವಾಗಿ ಸಿಸಿ (ದುಡಿಯುವ ಬಂಡವಾಳದ ಸಾಲ) ಖಾತೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಂದರೆ ದುಡ್ಡು ಅತಿ ಹೆಚ್ಚು ಬೇಕಾದ ಹೊತ್ತಿಗೇ ಸಾಲ ತೆಗೆಯುವ ಮಿತಿಯೂ ಕುಗ್ಗುತ್ತದೆ. ಆ ತಿಂಗಳು ಲೇಥ್ ನಡೆಸುವವರ ಪಗಾರಕ್ಕೆ ಮನೆಯ ಬಂಗಾರ ಅಡ ಇಡುವ ಪ್ರಸಂಗ ಬರುವುದು ಹೀಗೆ.

ಕಾಯ್ದೆಯಲ್ಲಿ ಬಡ್ಡಿಯೂ ಇದೆ: ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳ ಚಕ್ರಬಡ್ಡಿ. ಬ್ಯಾಂಕ್ ದರ ಶೇ 6 ಎಂದು ಹಿಡಿದರೆ ವರ್ಷಕ್ಕೆ ಶೇ 18. ಮೇಲಿನ ಬಿಲ್ಲಿನ ದುಡ್ಡು 120ನೇ ದಿನ ಬಂದರೆ, 45ರ ಮೇಲಿನ 75 ದಿನಕ್ಕೆ ಸುಮಾರು 22 ಸಾವಿರ ರೂಪಾಯಿ. ಈ ಬಡ್ಡಿಯನ್ನು ಕೊಟ್ಟವರು ತೆರಿಗೆಯಲ್ಲಿ ಖರ್ಚು ತೋರಿಸುವಂತಿಲ್ಲ. ಆದರೆ ಕೇಳುವವರು ಯಾರು? ಬಾಕಿಯ ದೂರಿಗೆಂದೇ ಇರುವ ಸರ್ಕಾರಿ ಪೋರ್ಟಲ್‌ನಲ್ಲಿ ದೂರು ಕೊಟ್ಟರೆ ಕಂಪನಿಗೆ ಹೆಸರು ಗೊತ್ತಾಗುತ್ತದೆ, ಮುಂದಿನ ಆರ್ಡರು ನಿಲ್ಲುತ್ತದೆ. ಹಾಗಾಗಿ ದೂರು ಕೊಡುವವರು ಹೆಚ್ಚಾಗಿ ವ್ಯವಹಾರ ಮುರಿದ ಮೇಲೆ ಕೊಡುತ್ತಾರೆ. ಹೊಸ ಸಪ್ಲೈಯರಿಗೆ ‘ಉದ್ಯಮ್ ನಂಬರ್ (ಸಣ್ಣ ಘಟಕವೆಂಬ ಸರ್ಕಾರಿ ನೋಂದಣಿ) ಬಿಲ್ಲಿನ ಮ್ಯಾಲೆ ಹಾಕಬ್ಯಾಡ್ರಿ’ ಎನ್ನುವುದು, ಬಡ್ಡಿ ಬೇಡವೆಂದು ಮೊದಲೇ ಬರೆಸಿಕೊಳ್ಳುವುದು ಈ ಹೆದರಿಕೆಯನ್ನು ನಂಬಿಕೊಂಡು ಮಾಡುವ ಕೆಲಸಗಳು. ಕಾನೂನಿನ ಮಾತು ಅತ್ತ ಇರಲಿ, ಇದು ಅನ್ಯಾಯ.

‘ನಮಗೇ ಮೇಲಿಂದ ಬಂದಿಲ್ಲ, ಎಲ್ಲಿಂದ ಕೊಡೂಣು?’ ಎನ್ನುವ ನಡುವಿನ ಗಾತ್ರದವರ ಕಷ್ಟ ಸುಳ್ಳಲ್ಲ. ಆದರೂ ಕೈಯಲ್ಲಿದ್ದಷ್ಟು ದುಡ್ಡಿನಲ್ಲಿ ಯಾರಿಗೆ ಮೊದಲು ಎಂಬುದು ಮಾಲೀಕರ ಕೈಯಲ್ಲಿದೆ. ಜೋರು ಮಾಡುವ ಉಕ್ಕಿನ ವ್ಯಾಪಾರಿಗೆ ಮೊದಲು, ಬಾಯಿ ಇಲ್ಲದ ಜಾಬ್‌ವರ್ಕ್‌ನವರಿಗೆ ಕೊನೆಗೆ ಎಂಬುದು ಈಗಿನ ಪದ್ಧತಿ. ಇದು ತಿರುಗಬೇಕು: ಕೂಲಿಯ ಅಂಶ ಹೆಚ್ಚಿರುವ ಸೂಕ್ಷ್ಮ ಘಟಕಗಳ ಬಿಲ್ಲು ಮೊದಲು. ವರ್ಷಕ್ಕೆ 250 ಕೋಟಿಗೂ ಹೆಚ್ಚು ವಹಿವಾಟಿನ ಕಂಪನಿಗಳು 2025ರ ಮಾರ್ಚ್ 31ರೊಳಗೆ ಟ್ರೆಡ್ಸ್ ವೇದಿಕೆಗೆ ಸೇರಬೇಕೆಂದು ಆದೇಶವಾಗಿತ್ತು. ಅಲ್ಲಿ ಕಂಪನಿ ಬಿಲ್ಲು ಒಪ್ಪಿದರೆ ಬ್ಯಾಂಕುಗಳು ಅದರ ಮೇಲೆ ಸಪ್ಲೈಯರಿಗೆ ಮುಂಚೆಯೇ ಹಣ ಕೊಡುತ್ತವೆ. ಹೆಸರು ನೋಂದಾಯಿಸಿ ಬಿಲ್ಲು ಒಪ್ಪದೆ ಕುಳಿತರೆ ಸೇರಿಯೂ ಉಪಯೋಗವಿಲ್ಲ.

ಕಂಪನಿಗಳೊಳಗೆ ತಿದ್ದಬೇಕಾದದ್ದು ದೊಡ್ಡದೇನಲ್ಲ. ಕೊಡಬೇಕಾದ ದಿನವನ್ನು ಕಂಪ್ಯೂಟರು ಗೇಟ್ ಎಂಟ್ರಿಯ ತಾರೀಖಿನಿಂದ ತಾನೇ ಲೆಕ್ಕ ಹಾಕಬೇಕು, ಅದನ್ನು ತಿದ್ದುವ ಅಧಿಕಾರ ಸ್ಟೋರಿಗೂ ಪರ್ಚೇಸಿಗೂ ಇರಬಾರದು. 15ನೇ ದಿನದೊಳಗೆ ಕ್ಯೂಸಿ ವರದಿ ಬರದಿದ್ದರೆ ಮಾಲು ಪಾಸು ಎಂದೇ ದಾಖಲಾಗಬೇಕು. ಹಣಕಾಸು ಮುಖ್ಯಸ್ಥರ ಗುರಿಯಿಂದ ಸೂಕ್ಷ್ಮ, ಸಣ್ಣ ಘಟಕಗಳ ಬಾಕಿಯನ್ನು ಹೊರಗಿಡಬೇಕು. ಮಿಕ್ಕ ಯಾವ ತಿದ್ದುಪಡಿಯೂ ಇದೊಂದಿಲ್ಲದೆ ಉಳಿಯುವುದಿಲ್ಲ.

ಸಣ್ಣ ಘಟಕಗಳೂ ಚಲನ್‌ಗೆ ಗೇಟಿನ ಮೊಹರು, ತಾರೀಖು ಹಾಕಿಸಿ ಅಲ್ಲೇ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಬೇಕು. ಬಿಲ್ಲಿನ ಮೇಲೆ ಉದ್ಯಮ್ ನಂಬರ್ ಅಚ್ಚು ಹಾಕಿಸಬೇಕು. ಬರೀ ಕೊಂಡು ಮಾರುವ ವ್ಯಾಪಾರಿಗಳಿಗೆ ಉದ್ಯಮ್ ನೋಂದಣಿ ಇದ್ದರೂ ಈ ರಕ್ಷಣೆ ಇಲ್ಲ ಎಂಬುದೂ ಗೊತ್ತಿರಲಿ.

45 ದಿನ ಮೀರಿದ ಬಾಕಿಯನ್ನು ಕಂಪನಿಗಳು ವರ್ಷಕ್ಕೆ ಎರಡು ಸಲ ಎಂಎಸ್‌ಎಂಇ-1 ಫಾರ್ಮಿನಲ್ಲಿ ಸರ್ಕಾರಕ್ಕೆ ತಿಳಿಸಬೇಕು. ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನದಕ್ಕೆ ಏಪ್ರಿಲ್ 30 ಕೊನೆಯ ದಿನ. ಅದಕ್ಕೆ ಸಹಿ ಹಾಕುವ ನಿರ್ದೇಶಕರು ಮುಂಚೆ ಒಮ್ಮೆ ಗೇಟಿನ ರಿಜಿಸ್ಟರ್ ತರಿಸಿಕೊಂಡು, ತಾವೇ ಹತ್ತು ಬಿಲ್ಲು ಆರಿಸಿ, ಜಿಆರ್‌ಎನ್ ತಾರೀಖಿಗೆ ಹಚ್ಚಿ ನೋಡಲಿ. ಅರ್ಧ ದಿನದ ಕೆಲಸ.

– ಸಣ್ಣ ಕೈಗಾರಿಕಾ ಘಟಕಗಳ ಲೆಕ್ಕಪತ್ರ ನೋಡುವವರು, ಹುಬ್ಬಳ್ಳಿ