ಅಕ್ಕನಿಗೆ, ಫಿನ್ಲೆಂಡಿನ ಹೆಲ್ಸಿಂಕಿಯಿಂದ

ಪ್ರೀತಿಯ ಅಕ್ಕನಿಗೆ ನಮಸ್ಕಾರಗಳು,

ನಾವೆಲ್ಲ ಇಲ್ಲಿ ಕ್ಷೇಮ. ಸುಮಾ, ಪಾಪು ಇಬ್ಬರೂ ಆರಾಮವಾಗಿದ್ದಾರೆ. ಭಾವನಿಗೆ ನಮಸ್ಕಾರ ತಿಳಿಸು. ರಶ್ಮಿಗೆ ಆಶೀರ್ವಾದ.

ನೀನು ರಶ್ಮಿ ಕೈಲಿ ಬರೆಸಿದ ಕಾಗದ ಬಂತು. ಅಕ್ಷರ ನಿನ್ನದಲ್ಲ ಅಂತ ಕಂಡ ಕೂಡಲೇ ಎದೆ ಧಸಕ್ ಅಂತು. ಊರಿನ ಸುದ್ದಿಯನ್ನೆಲ್ಲ ಹೇಳಿ ಮುಗಿಸಿ, ಕೊನೆಗೆ ಒಂದೇ ಸಾಲಿನಲ್ಲಿ ಬಲಗೈ ಮಣಿಕಟ್ಟು ಮುರಿದಿದೆ, ಪ್ಲಾಸ್ಟರ್ ಹಾಕಿದ್ದಾರೆ ಅಂತ ಬರೆಸಿದ್ದೀಯ. ಫೋನಿನಲ್ಲಿ ಮಾತಾಡಿದಾಗ ಇದರ ಸುಳಿವೇ ಕೊಡಲಿಲ್ಲ. ಮಗಳ ಬಾಣಂತನಕ್ಕೆ ಹೋಗಿದ್ದೀಯ, ನಿನಗೆ ಯಾಕೆ ಯೋಚನೆ ಅಂತ ಸುಮ್ಮನಿದ್ದೆ ಅಂತೀಯ. ಯೋಚನೆ ಮಾಡೋದಕ್ಕೆ ನಾನಲ್ಲದೆ ಇನ್ಯಾರಕ್ಕ? ಫೋನ್ ಮಾಡಿದರೆ ಪಾಪು ವಿಷಯ ಕೇಳಿ ಮಾತು ಮರೆಸುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು.

ಮೊದಲು ಕೈ ವಿಷಯ. ಸುಮಾಳ ಗೆಳತಿಯೊಬ್ಬಳು ಇಲ್ಲಿ ಫಿಸಿಯೋಥೆರಪಿಸ್ಟ್. ಪಾಪುವನ್ನು ನೋಡಲು ಬಂದಿದ್ದಳು, ಅವಳನ್ನು ಕೂರಿಸಿಕೊಂಡು ಎಲ್ಲಾ ಕೇಳಿದೆ. ಕೈ ಊರಿ ಬಿದ್ದಾಗ ನಮ್ಮ ವಯಸ್ಸಿನ ಹೆಂಗಸರಿಗೆ ಮುರಿಯುವುದೇ ಹೆಚ್ಚಾಗಿ ಈ ಮೂಳೆಯಂತೆ. ಮುಟ್ಟು ನಿಂತ ಮೇಲೆ ಮೂಳೆ ಟೊಳ್ಳಾಗುತ್ತಾ ಬರುತ್ತದೆ. ಸಾಮಾನ್ಯವಾಗಿ ಆರು ವಾರ ಪ್ಲಾಸ್ಟರ್ ಇರುತ್ತದೆ, ಬಿಚ್ಚಿದ ಮೇಲೆ ಕೈ ಬಿಗಿದುಕೊಂಡ ಹಾಗಿರುತ್ತದೆ, ಅದಕ್ಕೆ ಹೆದರಬಾರದು ಅಂದಳು. ಹಿಡಿತ ಪೂರ್ತಿ ಬರಲು ಕೆಲವು ತಿಂಗಳು ಬೇಕು. ಆದರೆ ಬೆರಳುಗಳನ್ನು ಈಗಿನಿಂದಲೇ ಆಡಿಸುತ್ತಿರಬೇಕು. ಡಾಕ್ಟರ್ ಬೇಡ ಅಂದಿಲ್ಲ ತಾನೇ? ಹಾಗಾದರೆ ಮುಷ್ಟಿ ಮಾಡು, ಬಿಡಿಸು. ಹೆಬ್ಬೆರಳನ್ನು ಒಂದೊಂದೇ ಬೆರಳಿನ ತುದಿಗೆ ಮುಟ್ಟಿಸು. ಮೊಣಕೈ, ಭುಜ ಕೂಡ ಆಡಿಸು, ಇಲ್ಲದಿದ್ದರೆ ಅವೂ ಬಿಗಿಯುತ್ತವೆ. ಕೂತಾಗ ಕೈಯನ್ನು ದಿಂಬಿನ ಮೇಲೆ ಎತ್ತರಕ್ಕಿಟ್ಟುಕೋ. ಆ ಕೈಯಲ್ಲಿ ಉಂಗುರ ಇದ್ದರೆ ಇವತ್ತೇ ತೆಗೆಸು. ಬೆರಳು ಜಾಸ್ತಿ ಊದಿದರೆ, ನೀಲಿಯಾದರೆ, ಜೋಮು ಹಿಡಿದರೆ ನಾಳೆ ಹೋಗೋಣ ಅನ್ನಬೇಡ, ಆಗಲೇ ಆಸ್ಪತ್ರೆಗೆ ಹೋಗು. ಮೂಳೆಯ ಸಾಂದ್ರತೆಯ ಪರೀಕ್ಷೆ ಮಾಡಿಸಿ ಅಂದಿದ್ದಕ್ಕೆ ಸುಮ್ನೆ ದುಡ್ಡು ದಂಡ ಅಂದೆಯಂತೆ. ರಶ್ಮಿ ಕಾಗದದ ಅಂಚಿನಲ್ಲಿ ಸಣ್ಣಗೆ ಬರೆದಿದ್ದಾಳೆ. ಅದು ದಂಡ ಅಲ್ಲ. ದುಡ್ಡು ನಾನು ಕೊಡುತ್ತೇನೆ, ಈ ಮಾತಿಗೆ ಎದುರಾಡಬೇಡ.

ಇನ್ನು ನೀನು ಬರೆಸಿದ ಇನ್ನೊಂದು ಮಾತು. "ಇನ್ನು ನನ್ನ ಕೈಲಿ ಹೆಣಿಗೆಯ ಕಡ್ಡಿ ಹಿಡಿಯೋದಕ್ಕೆ ಆಗಲ್ಲ, ಪಾಪುವಿಗೆ ಸ್ವೆಟರ್ ನೀನೇ ಹಾಕಿಬಿಡು." ಮುರಿದ ಕೈಗಿಂತ ಈ ಮಾತು ನನಗೆ ಹೆಚ್ಚು ನೋವು ಕೊಟ್ಟಿತು ಅಕ್ಕ. ನಾನು ಸ್ವೆಟರ್ ಹಾಕುವುದಿಲ್ಲ. ನಮ್ಮ ಮನೆಯಲ್ಲಿ ಯಾವ ಮಗುವಿಗೆ ಮೊದಲ ಸ್ವೆಟರ್ ನಿನ್ನ ಕೈಯಿಂದ ಬರಲಿಲ್ಲ ಹೇಳು?

ನಾನು ಇಲ್ಲಿ ಮಾಡುತ್ತಿರುವುದೆಲ್ಲ ಚಿಕ್ಕಪುಟ್ಟ ಕೆಲಸ. ಟೋಪಿ, ಸಾಕ್ಸ್, ಕೈಗವಸು. ಪಾಪು ಮಲಗಿದಾಗ ಕಡ್ಡಿ ಹಿಡಿದರೆ ಅದು ಏಳುವುದು ಹತ್ತು ನಿಮಿಷಕ್ಕೋ ಒಂದು ಗಂಟೆಗೋ ಗೊತ್ತಾಗುವುದಿಲ್ಲ. ದೊಡ್ಡ ಕಂಬಳಿ ಹಿಡಿದು ಕೂತರೆ ತೊಡೆಯ ಮೇಲೆ ಮಗುವಿಗೆ ಜಾಗ ಎಲ್ಲಿ? ಟೋಪಿಯಾದರೆ ಸಾಲಿನ ಮಧ್ಯದಲ್ಲೇ ಬಿಟ್ಟು ಏಳಬಹುದು. ಎರಡು ಕಡ್ಡಿಯ ಮಧ್ಯೆ ತಂತಿ ಇರುತ್ತದಲ್ಲ, ಆ ಸುತ್ತು ಕಡ್ಡಿಯಲ್ಲೇ ಹೆಣೆಯುತ್ತೇನೆ. ಕುಣಿಕೆಗಳನ್ನು ತಂತಿಯ ಮೇಲೆ ಸರಿಸಿಬಿಟ್ಟರೆ ಜಾರಿ ಬೀಳುವುದಿಲ್ಲ. ಹುಟ್ಟಿದ ಮಗುವಿನ ತಲೆಯ ಸುತ್ತಳತೆ ಸುಮಾರು 35 ಸೆಂಟಿಮೀಟರ್ ಇರುತ್ತದೆ. ನಾನು ಟೋಪಿ ಅದಕ್ಕಿಂತ ಸ್ವಲ್ಪ ಕಡಿಮೆಗೇ ಹೆಣೆಯುತ್ತೇನೆ, ಅಂಚು ಎರಡು ಸೀದಾ ಎರಡು ಉಲ್ಟಾ. ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕಿವಿ ಮುಚ್ಚಿ ಕೂರುತ್ತದೆ. ಆದರೆ ಈ ವಯಸ್ಸಿನಲ್ಲಿ ತಲೆ ತಿಂಗಳಿಗೆ ಹತ್ತಿರ ಹತ್ತಿರ ಎರಡು ಸೆಂಟಿಮೀಟರ್ ಬೆಳೆಯುತ್ತದೆ. ಮೊದಲು ಮಾಡಿದ ಹಳದಿ ಟೋಪಿ ಆಗಲೇ ಚಿಕ್ಕದಾಯಿತು. ಕೈಗವಸಿನ ಒಳಗೆ ನೂಲಿನ ತುದಿ ಒಂದೂ ಸಡಿಲ ಇರದ ಹಾಗೆ ನೀನು ಕಲಿಸಿದ ರೀತಿಯಲ್ಲೇ ಸೇರಿಸುತ್ತೇನೆ. ಸಣ್ಣ ಬೆರಳಿಗೆ ಎಳೆ ಸುತ್ತಿಕೊಂಡರೆ ರಕ್ತ ಓಡುವುದು ನಿಂತುಹೋಗುತ್ತದೆ, ಅದಕ್ಕೆ ಒಳಗಡೆ ತಿರುಗಿಸಿ ಬೆರಳಾಡಿಸಿ ನೋಡಿಯೇ ತೊಡಿಸುವುದು. ಕಟ್ಟುವ ದಾರ ಎಲ್ಲೂ ಇಟ್ಟಿಲ್ಲ.

ಸಾಕ್ಸ್ ಮಾತ್ರ ಇಲ್ಲಿಯವರಿಂದ ಕಲಿತೆ. ಯೂನಾಸುಕ್ಕ ಅಂತ ಕರೆಯುತ್ತಾರೆ, ಹಾಗಂದರೆ ರೈಲು ಸಾಕ್ಸ್. ಪೂರ್ತಿ ಸೀದಾ ಉಲ್ಟಾ ಪಟ್ಟಿಯಲ್ಲೇ ಬರುತ್ತದೆ, ಕಾಲನ್ನು ಹಿಡಿದುಕೊಳ್ಳುತ್ತದೆ. ಪಾಪು ಎಷ್ಟು ಒದ್ದರೂ ಬಿಚ್ಚಿಹೋಗಿಲ್ಲ! ಈ ಜನಕ್ಕೆ ಹೆಣಿಗೆ ಅಂದರೆ ಪ್ರಾಣ ಅಕ್ಕ. ಹಾಲು ತರಕಾರಿ ಮಾರುವ ದೊಡ್ಡ ಅಂಗಡಿಯಲ್ಲೇ ಉಲ್ಲನ್ ಉಂಡೆ ಇಟ್ಟಿರುತ್ತಾರೆ. ಟ್ರಾಮಿನಲ್ಲಿ ಕಾಲೇಜು ಹುಡುಗಿಯರು ಹೆಣೆಯುತ್ತಾ ಹೋಗುತ್ತಾರೆ. ಶಾಲೆಯಲ್ಲಿ 1866ರಿಂದಲೇ ಕೈಕೆಲಸ ಒಂದು ಪಾಠವಂತೆ, ಈಗ ಗಂಡುಮಕ್ಕಳೂ ಹೆಣೆಯಲು ಕಲಿಯುತ್ತಾರೆ. ಈ ದೇಶಕ್ಕೆ ಸ್ವಾತಂತ್ರ್ಯ ಬಂದು 100 ವರ್ಷ ತುಂಬಿದ್ದು 2017ರಲ್ಲಿ. ಆ ವರ್ಷ ಹುಟ್ಟಿದ ಮಕ್ಕಳಿಗೆಂದು ಜನ ನೀಲಿ ಬಿಳಿ ಸಾಕ್ಸ್ ಹೆಣೆದು ಕೊಟ್ಟರಂತೆ. ಕೇಳಿದಾಗ ನೀನೇ ನೆನಪಾದೆ. ಇಲ್ಲಿ ಹುಟ್ಟಿದ್ದರೆ ರಾಶಿ ಹಾಕಿಬಿಡುತ್ತಿದ್ದೆ.

ಭಾವ ಕೇಳಿದ್ದರಲ್ಲ, ಅಷ್ಟು ಚಳಿಯಲ್ಲಿ ಕೂಸು ಹೇಗಿರುತ್ತದೆ ಅಂತ. ಇಲ್ಲಿ ಮಕ್ಕಳನ್ನು ಗಾಡಿಯಲ್ಲಿ ಮಲಗಿಸಿ ಮನೆಯ ಹೊರಗೇ ನಿದ್ದೆ ಮಾಡಿಸುತ್ತಾರೆ! ಮೊದಲ ಸಲ ನೋಡಿ ನಾನು ಸುಮಾಳ ಹತ್ತಿರ ಜಗಳಕ್ಕೇ ಹೋದೆ. ಮೈನಸ್ 10ಕ್ಕಿಂತ ಚಳಿ ಇದ್ದರೆ ಪುಟ್ಟ ಮಕ್ಕಳನ್ನು ಮಲಗಿಸುವುದಿಲ್ಲ, ಒಳಗೆ ಉಣ್ಣೆ, ಮೇಲೆ ದಪ್ಪ ಚೀಲ. ಒಳಗೆ ಕರೆತಂದಾಗ ಕತ್ತಿನ ಹಿಂದೆ ಕೈಯಿಟ್ಟು ನೋಡಿದೆ, ಬೆಚ್ಚಗಿತ್ತು. ಮನೆಯೊಳಗೆ ಮಲಗುವಾಗ ಮಾತ್ರ ಟೋಪಿ ಹಾಕಬಾರದು ಅಂತ ನರ್ಸ್ ಹೇಳಿದ್ದಾರೆ. ಸರ್ಕಾರದಿಂದ ಪ್ರತಿ ಬಸುರಿಗೂ ಒಂದು ಪೆಟ್ಟಿಗೆ ಬರುತ್ತದೆ, ಮಗುವಿನ ಬಟ್ಟೆಬರೆ ಎಲ್ಲಾ ಅದರಲ್ಲಿ. 1938ರಲ್ಲಿ ಬಡವರಿಗೆಂದು ಶುರುವಾಗಿ 1949ರಿಂದ ಎಲ್ಲರಿಗೂ. ಬೇಡ ಅಂದರೆ 170 ಯೂರೋ ಕೊಡುತ್ತಾರೆ. ಸುಮಾ ಪೆಟ್ಟಿಗೆಯನ್ನೇ ತಗೊಂಡಳು, ಪಾಪು ಮೊದಮೊದಲು ಅದರಲ್ಲೇ ಮಲಗುತ್ತಿತ್ತು. ಮಗುವಿನ ಗಾಡಿ ತಳ್ಳಿಕೊಂಡು ಹೋದರೆ ಬಸ್ಸಿನಲ್ಲಿ ನನಗೆ ಟಿಕೆಟ್ ಬೇಡ. ಅಳಿಯಂದಿರಿಗೂ ರಜೆ ಇದೆ. ತಾಯಿಗೆ 160 ದಿನ, ತಂದೆಗೆ 160 ದಿನ. ಲಂಗೋಟಿ ಬದಲಾಯಿಸುವುದು, ಸ್ನಾನ, ಎಲ್ಲಾ ಅವರೇ ಮಾಡುತ್ತಾರೆ. ನನಗೆ ಇಲ್ಲಿ ಕಷ್ಟ ಏನೂ ಇಲ್ಲ, ಖಂಡಿತ ಏನೂ ಇಲ್ಲ. ಬೆಳಕು ಮಾತ್ರ ಕಡಿಮೆ. ಡಿಸೆಂಬರಿನಲ್ಲಿ ಒಂಬತ್ತು ದಾಟಿದ ಮೇಲೆ ಸೂರ್ಯ ಬಂದು ಮೂರೂಕಾಲಿಗೆಲ್ಲ ಹೊರಟುಹೋಗುತ್ತಾನೆ. ಕಪ್ಪು, ಕಡುನೀಲಿ ಉಲ್ಲನ್ ಮುಟ್ಟುವುದೇ ಇಲ್ಲ, ಕುಣಿಕೆ ಕಾಣುವುದಿಲ್ಲ.

ಮತ್ತೆ ಸ್ವೆಟರಿಗೆ ಬರುತ್ತೇನೆ. ಸುಮಾಗೆ ನೀನು ಹಾಕಿದ್ದ ಹಸಿರು ಸ್ವೆಟರನ್ನು ಅವಳು ಇಲ್ಲಿಗೆ ತಂದಿಟ್ಟುಕೊಂಡಿದ್ದಾಳೆ, ನಿನಗೆ ಗೊತ್ತಾ? ಮೊನ್ನೆ ಬೀರುವಿನಿಂದ ತೆಗೆದು ತೋರಿಸಿದಳು. ಕತ್ತಿನಿಂದ ಕೆಳಗೆ ಹೆಣೆದಿದ್ದೀಯ, ಒಂದು ಹೊಲಿಗೆ ಇಲ್ಲ. ತಲೆಯ ಮೇಲಿಂದ ಹಾಕುವಾಗ ಸಿಕ್ಕಿಕೊಳ್ಳಬಾರದು ಅಂತ ಎಡಭುಜದ ಮೇಲೆ ಮೂರು ಗುಂಡಿ. ಒಳಗಡೆ ತಿರುಗಿಸಿ ದೀಪದ ಕೆಳಗೆ ಹಿಡಿದು ನೋಡಿದೆ, ನೂಲಿನ ತುದಿ ಎಲ್ಲಿ ಮುಗಿದಿದೆ ಅಂತ ಹುಡುಕಿದರೂ ಸಿಗಲಿಲ್ಲ. ಪಕ್ಕದ ಮನೆಯ ಅಜ್ಜಿ ಅದನ್ನು ಬೆರಳಲ್ಲಿ ಸವರಿ ಸವರಿ ನೋಡಿದರು. ನಮಗಿಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬರುವುದಿಲ್ಲ, ನಮ್ಮಕ್ಕ ಅಂತ ಫೋಟೋ ತೋರಿಸಿದೆ.

ಪಾಪುವಿಗೆ ಒಂದು ವರ್ಷದ ಅಳತೆಗೆ ಹಾಕು. ಈಗಿನ ಅಳತೆಗೆ ಹಾಕಿದರೆ ನಾಲ್ಕು ದಿನಕ್ಕೆ ಚಿಕ್ಕದಾಗುತ್ತದೆ, ಯಾರಿಗೂ ಪ್ರಯೋಜನವಿಲ್ಲ. ಒಂದು ವರ್ಷದ್ದು ಅಂದರೆ ನಿನಗೆ ಬೇಕಾದಷ್ಟು ಸಮಯವಿದೆ. ಮೂಳೆ ಕೂಡಲಿ, ಹಿಡಿತ ಬರಲಿ. ಇಲ್ಲಿಂದ ಮೆರಿನೋ ಉಣ್ಣೆ ಕಳಿಸಿದ್ದೇನೆ, ಮಷೀನಿನಲ್ಲಿ ಒಗೆಯುವಂಥದ್ದು, ಚುಚ್ಚುವುದಿಲ್ಲ. ಜೊತೆಗೆ ಬಿದಿರಿನ ಕಡ್ಡಿ. ನಿನ್ನ ಸ್ಟೀಲಿನ ಕಡ್ಡಿಗಿಂತ ಹಗುರ, ಮಣಿಕಟ್ಟಿಗೆ ಭಾರವಾಗುವುದಿಲ್ಲ. ಡಾಕ್ಟರ್ ಸರಿ ಅನ್ನುವವರೆಗೂ ರಶ್ಮಿ ಬೀರುವಿನಲ್ಲಿ ಬೀಗ ಹಾಕಿಡಲಿ. ಶುರುವಿಗೆ ದಿನಕ್ಕೆ ಎರಡು ಸಾಲು ಸಾಕು. ಬಣ್ಣ ಹಸಿರೇ. ಸುಮಾ ಅದೇ ಬೇಕು ಅಂದಳು.

ಇದನ್ನು ತಗೊಂಡು ಹೋಗುವವರು ಬೆಂಗಳೂರಿಗೆ ಇವತ್ತು ರಾತ್ರಿಯೇ ಹೊರಡುತ್ತಾರೆ, ಕೆಳಗೆ ಬಂದು ಕಾಯುತ್ತಿದ್ದಾರೆ. ಪಾಪುವೂ ಎದ್ದಿತು. ನಮ್ಮ ಬಗ್ಗೆ ಏನೂ ಯೋಚಿಸಬೇಡ, ಎಲ್ಲರೂ ಚೆನ್ನಾಗಿದ್ದೇವೆ. ಪರೀಕ್ಷೆ ಮಾಡಿಸಿದ ದಿನವೇ ರಶ್ಮಿ ಫೋನ್ ಮಾಡಲಿ, ಎಷ್ಟು ಹೊತ್ತಾಗಿದ್ದರೂ ಸರಿ.

ನಿನ್ನ ತಂಗಿ,
ಸರೋಜ

ಮರೆತಿದ್ದೆ. ಪ್ಲಾಸ್ಟರ್ ಒಳಗೆ ತುರಿಸಿದರೆ ಹೆಣೆಯುವ ಕಡ್ಡಿ ತೂರಿಸಿ ಕೆರೆದುಕೊಳ್ಳಬೇಡ. ಗಾಯವಾದರೆ ಹೊರಗೆ ಕಾಣುವುದಿಲ್ಲ, ಒಳಗೇ ಕೀವಾಗುತ್ತದೆ. ರಶ್ಮಿ, ನಿಮ್ಮಮ್ಮನ ಕಡ್ಡಿಗಳನ್ನೆಲ್ಲ ಈಗಲೇ ಎತ್ತಿಡು.